ಹೊಗೆಯಿಲ್ಲದ ಕೆಂಡ

ಮೇಲವಂಕಿಯಲ್ಲಿ ಕೆಂಪವ್ವ ನೀರೆರೆಯದ ಬಾಣಂತಿ ಇಲ್ಲ, ಬೈಯದ ಗಂಡಸೂ ಇಲ್ಲ. ಅದರಲ್ಲೂ ಅಳಿಯ ಸತ್ತೆಪ್ಪನ ಹೆಸರು ಬಂತೆಂದರೆ ಅವಳ ಬಾಯಿಗೆ ಕದವೇ ಇರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಅವಳ ಮಗಳು ಲಕ್ಷ್ಮೀ, ಹೆತ್ತ ಒಂಬತ್ತನೆಯ ದಿನ, ಬಾಣಂತಿ ಕೋಣೆಯಲ್ಲಿ ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಅಂದು ಬೆಳಿಗ್ಗೆ, ಹೆಂಡತಿಗೆ ತಲೆನೋವೆಂದು ಕಿಟಕಿ ತೆರೆದವನು ಸತ್ತೆಪ್ಪ. ಅರಿವೆ ತುರುಕಿ ಮತ್ತೆ ಮುಚ್ಚಿದವಳು ಕೆಂಪವ್ವ. ಎತ್ತು ಏರಿಗೆ, ಕೋಣ ನೀರಿಗೆ. ಅಳಿಯ ತಂಗಾಳಿ ಹೊಗಿಸಿದ, ಬಾಣಂತಿಗೆ ಸನ್ನಿ ಹಿಡಿಯಿತು ಎಂದು ಅವಳು ಸಾರಿದ್ದನ್ನೇ ಊರು ನಂಬಿತು. ಆ ಹೊತ್ತು ಪಡಸಾಲೆಯಲ್ಲಿ ತನ್ನ ಮಡಿಲಲ್ಲಿದ್ದ ಕೂಸನ್ನು ಅವಳೇ ಸಾಕಿದಳು. ಅಳಿಯನಿಗೆ ಮಾತ್ರ ಹೊಸ್ತಿಲು ದಾಟಗೊಡಲಿಲ್ಲ.

ಆ ಕೂಸು ಸಂಘಮಿತ್ರಾ ಈಗ ತಾನೂ ಬಾಣಂತಿ, ಅದೇ ಕೋಣೆಯಲ್ಲಿ. ತಾನು ಮಲಗುವ ಹೊರಸಿನ ಕೆಳಗೆ ಕೆಂಡ ತುಂಬಿದ ಶೇಗಡಿ ಒಲೆ ಇಟ್ಟಾಗೆಲ್ಲ ತಲೆ ಸಿಡಿಯುತ್ತದೆಂದು ಅವಳು ಕದ್ದು ಅಪ್ಪನಿಗೆ ಫೋನು ಮಾಡಿದ್ದಳು. ಮರುದಿನ ಬೆಳಿಗ್ಗೆಯೇ ಸತ್ತೆಪ್ಪ ಬಾಗಿಲಿಗೆ ಬಂದ. ಗೋಕಾಕದಲ್ಲಿ ಗ್ಯಾಸ್ ಗೀಸರ್ ಕೂಡಿಸುವುದು ಅವನ ಕೆಲಸ. ಒಂದು ಕೈಯಲ್ಲಿ ಡ್ರಿಲ್ಲು, ಇನ್ನೊಂದರಲ್ಲಿ ಅಂಗೈಯಗಲದ ಬಿಳಿ ಡಬ್ಬಿ.

"ಅಪ್ಪ ಒಳಗ ಬರದಿದ್ರ ನಾ ಕೂಸಿನ ತಗೊಂಡು ಹೊಂಟೆ, ಆಯಿ" ಎಂದಳು ಸಂಘಮಿತ್ರಾ ಅಜ್ಜಿಗೆ. ಕೆಂಪವ್ವ ಹಲ್ಲು ಕಚ್ಚಿ ದಾರಿ ಬಿಟ್ಟಳು.

ಸತ್ತೆಪ್ಪ ಹೊರಸಿನ ತಲೆದೆಸೆಯ ಗೋಡೆಗೆ ಡಬ್ಬಿ ಕೂಡಿಸಿ ಗುಂಡಿ ಒತ್ತಿದ. ಅದು ಚೀರಿದ ರಭಸಕ್ಕೆ ಕೂಸು ಬೆಚ್ಚಿ ಅತ್ತಿತು. ಕೆಂಪವ್ವ ಹೋಗಿ ಲೋಬಾನದ ಹೊಗೆ ತಂದು ಡಬ್ಬಿಯ ಮೂಗಿಗೇ ಹಿಡಿದಳು. ಡಬ್ಬಿ ಪಿಟಕ್ಕೆನ್ನಲಿಲ್ಲ.

"ನಿಮ್ಮಪ್ಪಗ ಹೇಳು. ಹೊಗಿ ನುಂಗಿ ಸುಮ್ಮನ ಕುಂತೈತಿ ಅವನ ಡಬ್ಬಿ." ಅವಳು ಅಳಿಯನೊಂದಿಗೆ ನೇರ ಮಾತಾಡುತ್ತಿರಲಿಲ್ಲ.

"ಅದು ಹೊಗಿಗಲ್ರಿ ಅತ್ತಿ. ಕಣ್ಣಿಗೆ ಕಾಣಂಗಿಲ್ಲ, ವಾಸನಿ ಬರಂಗಿಲ್ಲ, ಅಂಥಾ ವಿಷದ ಗಾಳಿ ತುಂಬಿದ್ರ ಚೀರತೈತಿ. ಆ ಗಾಳಿ ಕೆಂಡದಾಗ ಹುಟ್ಟತೈತಿ."

ಕೆಂಪವ್ವನ ಮೈಯೆಲ್ಲ ಉರಿಯಿತು. ಇದ್ದಲಿಯನ್ನು ಅಂಗಳದಲ್ಲೇ ಉರಿಸಿ, ಹೊಗೆಯೆಲ್ಲ ಹೋಗಿ ನಿಗಿನಿಗಿ ಕೆಂಡವಾದ ಮೇಲೆಯೇ ಒಳಗೆ ತರುವುದು ಅವಳ ನಲವತ್ತು ವರ್ಷದ ಪದ್ಧತಿ. "ನನ್ನ ಕೆಂಡದಾಗ ವಿಷ ಐತಂತ ಹೇಳಾಕ ಬಂದಾನೇನ? ಕೂಸಿನ ತಗೊಂಡು ನೀ ಹೊರಗ ನಡಿ. ನಾನ ಕುಂಡರ್ತೇನಿ ಒಳಗ."

ಸತ್ತೆಪ್ಪ ಬೇಡವೆಂದ. ಬೇಡವೆಂದದ್ದಕ್ಕೇ ಅವಳು ಶೇಗಡಿಗೆ ಎರಡರಷ್ಟು ಕೆಂಡ ತುಂಬಿದಳು. ಕಿಟಕಿಗೆ ಅರಿವೆ ತುರುಕಿ, ಬಾಗಿಲು ಮುಂದೆ ಮಾಡಿ, ಹೊರಸಿನ ಮೇಲೆ ಕೂತಳು.

ಹೊಗೆಯಿಲ್ಲ, ವಾಸನೆಯಿಲ್ಲ. ಹಿತವಾದ ಕಾವು. ಗೆದ್ದೆ ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಹಣೆಯ ಎರಡೂ ಬದಿ ಬಿಗಿಯತೊಡಗಿತು. ಸಿಟ್ಟಿಗೆ ಇರಬೇಕೆಂದುಕೊಂಡಳು. ಆಮೇಲೆ ಕಣ್ಣು ಕೂಡತೊಡಗಿದವು. ಅಂದು ಲಕ್ಷ್ಮೀ ಆಡಿದ ಮಾತು ನೆನಪಾಯಿತು: "ಯವ್ವಾ, ತಲಿ ಸಿಡಿಯಾಕತ್ತೈತಿ, ನಿದ್ದಿ ಎಳಿಯಾಕತ್ತೈತಿ." ಹೊರಸಿನ ಕೆಳಗೆ ಇದೇ ಶೇಗಡಿ ಇಟ್ಟು, ಮಲಗು ಎಂದು ಕಂಬಳಿ ಹೊದಿಸಿದ್ದು ತಾನೇ.

ಡಬ್ಬಿ ಚೀರಿತು. ಗುಂಡಿ ಒತ್ತಿದವರು ಯಾರೂ ಇರಲಿಲ್ಲ. ಕೆಂಪವ್ವ ಏಳಲು ಹೋಗಿ ಹೊರಸಿನ ಮೇಲೇ ಕುಸಿದಳು. ಸತ್ತೆಪ್ಪ ಬಾಗಿಲು ನೂಕಿ ಬಂದು ರಟ್ಟೆ ಹಿಡಿದು ಅವಳನ್ನು ಅಂಗಳಕ್ಕೆ ಎಳೆದು ತಂದ. ಉಸಿರು ಬಿಗಿಹಿಡಿದು ಮತ್ತೆ ಒಳಗೆ ಓಡಿ ಕಿಟಕಿ ತೆರೆದು, ಶೇಗಡಿ ಹೊರಗೆ ತಂದು ನೀರು ಸುರಿದ.

ಅವಳು ಉಸಿರು ತಿರುಗುವವರೆಗೆ ಕಟ್ಟೆಗೆ ಒರಗಿ ಕೂತಿದ್ದಳು. ಆಮೇಲೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನ ಮುಖ ನೋಡಿ ಕೇಳಿದಳು: "ನಿನಗ ಯಾವಾಗ ಗೊತ್ತಾತು?"

"ಆರು ವರ್ಷಾತ್ರಿ. ಗೀಸರ್ ಕೆಲಸ ಕಲಿಯಾಕತ್ತಾಗ."

"ಯಾಕ ಹೇಳಲಿಲ್ಲ?"

"ಹೇಳಾಕಂತ ಮೂರು ಸಲ ಬಂದೆ. ಬಾಗಲದಾಗ ಸಗಣಿ ನೀರು ಗೊಜ್ಜಿ ಕಳಿಸಿದ್ರಿ."

ಹಾಗೆ ಸುರಿದದ್ದು ಕೆಂಪವ್ವನಿಗೆ ನೆನಪಿತ್ತು. ಅದನ್ನು ಓಣಿಯಲ್ಲಿ ಹೇಳಿಕೊಂಡು ಬೀಗಿದ್ದೂ ನೆನಪಿತ್ತು.

"ಹಂಗಾರ ನನ್ನ ಕೈಯಿಂದನ ಹೋದ್ಲು ಆಕಿ" ಎಂದಳು. ಸಮಾಧಾನ ಹೇಳುವಷ್ಟು ಮನಸ್ಸು ಸತ್ತೆಪ್ಪನಿಗೆ ಉಳಿದಿರಲಿಲ್ಲ.

ಕೂಸು ಅಳತೊಡಗಿತು. ರೂಢಿಯ ಮೇಲೆ ಕೆಂಪವ್ವ ಎರಡೂ ಕೈ ಚಾಚಿದಳು. ಸಂಘಮಿತ್ರಾ ಆ ಕೈಗಳನ್ನೇ ನೋಡಿದಳು, ಆಮೇಲೆ ಕೂಸನ್ನು ಎದೆಗವಚಿಕೊಂಡು ಅಪ್ಪನ ಪಕ್ಕಕ್ಕೆ ಹೋಗಿ ಕೂತಳು.