ಅದರ್ ಇನ್ಕಮ್ ಅಂದ್ರೇನು ಮೇಷ್ಟ್ರೇ?

“ಮೇಷ್ಟ್ರೇ, ಈ ಅದರ್ ಇನ್ಕಮ್ ಅಂದ್ರೇನು?”

ಕೇಳಿದವನು ಅನ್ವರ್. ಮೂವತ್ತೈದು ವರ್ಷ ಗಣಿತ ಪಾಠ ಮಾಡಿದ ನಾನು ಕೊಟ್ಟ ಉತ್ತರ: “ಅದೆಲ್ಲ ಚಿಲ್ಲರೆ ವಿಷಯ ಕಣಪ್ಪ. ಲಾಭ ನೋಡು, ಲಾಭ.”

ಆ ಮಾತನ್ನು ವಾಪಸ್ ತೆಗೆದುಕೊಳ್ಳುವ ಹಾಗಿದ್ದರೆ ಇವತ್ತೇ ತೆಗೆದುಕೊಳ್ಳುತ್ತಿದ್ದೆ.

ಅನ್ವರ್ ನಮ್ಮ ಶಿಡ್ಲಘಟ್ಟದ ರೇಷ್ಮೆ ರೀಲರ್. ನನ್ನ ಹಳೇ ವಿದ್ಯಾರ್ಥಿ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. (ಗಣಿತಕ್ಕೆ ಹೆದರಿ ಬಿಟ್ಟೆ ಎನ್ನುತ್ತಾನೆ. ನನಗೆ ಹೆದರಿ ಎನ್ನುವುದಿಲ್ಲ, ಮರ್ಯಾದಸ್ಥ.) ಮನೆಯ ಹಿಂದೆ ಅವನ ಹೆಂಡತಿ ಷಾಹಿದಾ ಕುದಿನೀರಿನಲ್ಲಿ ಗೂಡು ಬೇಯಿಸಿ ಎಳೆ ತೆಗೆಯುತ್ತಾಳೆ. ಬೆರಳ ತುದಿಯ ಚರ್ಮ ಸುಲಿದು, ಅನ್ನಕ್ಕೆ ಕೈ ಹಾಕಿದರೆ ಸಾರಿನ ಖಾರಕ್ಕೆ ಉರಿಯುತ್ತದಂತೆ. ಎರಡು ವರ್ಷದಿಂದ ಚಮಚದಲ್ಲೇ ಊಟ.

ಅವಳ ಕೈ ನೀರಿನಿಂದ ಆಚೆ ಬರುವಂಥ ಮೆಷಿನ್ ತರಬೇಕೆಂದು ಅನ್ವರ್ ದುಡ್ಡು ಕೂಡಿಟ್ಟಿದ್ದ. ರೇಷ್ಮೆಗೆ ಒಳ್ಳೆ ರೇಟು ಬಂದ ವರ್ಷ ಅದನ್ನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಷೇರಿಗೆ ಹಾಕಿದ. ಷೇರು ಏರಿತು ಕೂಡ. ಮಾರಿದರೆ ಮೆಷಿನ್ ಬರುತ್ತಿತ್ತು.

ಅಷ್ಟರಲ್ಲಿ ಕಂಪನಿಯ ಮೂರು ತಿಂಗಳ ರಿಸಲ್ಟ್ ಬಂತು. ಅನ್ವರ್ ಮೊಬೈಲ್ ಹಿಡಿದುಕೊಂಡು ಬಂದ. “ಮಾರ್ಬಿಡಣ ಅಂತಿದೀನಿ ಸಾ. ನೀವೊಂದ್ಸಲ ನೋಡಿ.”

ನೋಡಿದೆ. ಲಾಭ ಭರ್ಜರಿ. ಮೊದಲ ಪುಟದಲ್ಲಿ ದಪ್ಪಕ್ಷರ, ಎಂ.ಡಿ. ಸಾಹೇಬರ ನಗುಮುಖ, ಸಾಲಿಗೊಂದು ಎಐ. ಇನ್ನೇನು ಬೇಕು?

ಅನ್ವರ್ ಮಾತ್ರ ಪುಟ ಸರಿಸುತ್ತಾ ಕೆಳಕ್ಕೆ ಕೆಳಕ್ಕೆ ಹೋದ. ಗೂಡಿನ ಮಾರ್ಕೆಟ್ಟಿನಲ್ಲಿ ರೀಲರುಗಳ ಅಭ್ಯಾಸವೇ ಇದು. ರಾಶಿಯ ಮೇಲಿನ ಗೂಡನ್ನು ಯಾರೂ ನಂಬುವುದಿಲ್ಲ. ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ಎತ್ತಿ ನೋಡಿದ ಮೇಲೇ ಹರಾಜು ಕೂಗುವುದು. (ಈಗ ಕೂಗುವುದಿಲ್ಲ, ಮೊಬೈಲಿನಲ್ಲಿ ಒತ್ತುವುದು.) ಹಾಗೆ ತಳದಲ್ಲಿ ಅವನಿಗೆ ಸಿಕ್ಕಿದ್ದು ಆ ಅದರ್ ಇನ್ಕಮ್.

“ಹೋದ ಸಲ ಇದು ಇಷ್ಟೊಂದು ಇರ್ಲಿಲ್ಲ ಸಾ.”

“ಸುಮ್ನಿರಪ್ಪ. ಇದೇನು ಗೂಡಿನ ರಾಶಿನಾ? ಇನ್ನಾರು ತಿಂಗ್ಳು ಇಟ್ಕೊ. ಒಂದಲ್ಲ, ಎರಡು ಮೆಷಿನ್ ತರ್ತೀಯ.”

ಮಾರದೆ ಇಟ್ಟುಕೊಂಡ. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತಲ್ಲ.

ಸತ್ಯ ತಿಳಿದಿದ್ದು ಮುಂದಿನ ರಿಸಲ್ಟ್ ಬಂದಾಗ. ಕಂಪನಿ ಹಿಂದಿನ ಸಲ ತನ್ನದೊಂದು ಹಳೇ ಕಟ್ಟಡ ಮಾರಿತ್ತು. ಏರಿದ ಲಾಭವೆಲ್ಲ ಅದರದ್ದು, ಅದರ್ ಇನ್ಕಮ್ ಎಂದು ಸೇರಿಸಿದ್ದು ಆ ದುಡ್ಡನ್ನೇ. ಸಾಫ್ಟ್‌ವೇರಿನ ಗಳಿಕೆ ಆಗಲೇ ಇಳಿದಿತ್ತು, ದೊಡ್ಡ ಗಿರಾಕಿಯೊಬ್ಬ ಬಿಟ್ಟು ಹೋಗಿದ್ದ. ಯಾರೂ ಮುಚ್ಚಿಟ್ಟಿರಲಿಲ್ಲ, ಸಣ್ಣಕ್ಷರದಲ್ಲಿ ಬರೆದೇ ಇತ್ತು. ಈ ಸಲ ಮಾರಲು ಇನ್ನೊಂದು ಕಟ್ಟಡ ಇರಲಿಲ್ಲ. ಷೇರು ಅರ್ಧಕ್ಕೆ ಬಿತ್ತು.

ಅದರ್ ಇನ್ಕಮ್ ಅಂದರೇನೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಕಸುಬಿನಿಂದಲ್ಲದೆ ಬೇರೆ ಕಡೆಯಿಂದ ಬಂದ ದುಡ್ಡು. ಏಳನೇ ಕ್ಲಾಸಿನವನು ನನಗಿಂತ ಮೊದಲು ಕಂಡುಬಿಟ್ಟ, ಅದನ್ನು ಒಪ್ಪಲು ಮನಸ್ಸಾಗಲಿಲ್ಲ. ಅಷ್ಟೇ. ನಾವು ಓದಿದವರು ಹೀಗೆಯೇ ಅಲ್ಲವೇ? ಕೆಲಸದವಳು ಗ್ಯಾಸ್ ವಾಸನೆ ಬರ್ತಿದೆ ಅಂದರೂ “ನಿಂಗೇನು ಗೊತ್ತು, ಸುಮ್ನಿರು” ಅನ್ನುತ್ತೇವೆ. ಆಮೇಲೆ ನಾವೇ ಕಿಟಕಿ ತೆಗೆಯಲು ಓಡುತ್ತೇವೆ. ನನ್ನ ವಿಷಯದಲ್ಲಿ ತೆಗೆಯಲು ಕಿಟಕಿಯೂ ಇರಲಿಲ್ಲ.

ಹೋದ ಭಾನುವಾರ ಕ್ಷಮೆ ಕೇಳಲೆಂದೇ ಅವರ ಮನೆಗೆ ಹೋದೆ. ಷಾಹಿದಾ ಸೆರಗಿನಲ್ಲಿ ಲೋಟ ಹಿಡಿದು ಟೀ ತಂದಳು. “ಬಿಸಿ ಐತೆ ಮೇಷ್ಟ್ರೇ, ನಿಧಾನ” ಎಂದಳು. ಅವಳ ಬೆರಳು ನೋಡಲು ನನ್ನಿಂದಾಗಲಿಲ್ಲ. ತಪ್ಪಾಯಿತು ಎಂದು ಬಾಯಿ ತೆರೆಯುವಷ್ಟರಲ್ಲಿ ಅನ್ವರ್ ಮೊಬೈಲನ್ನು ನನ್ನ ಮುಂದೆ ಹಿಡಿದ.

“ಉಳಿದಿರೋದ್ನ ಇಟ್ಕೊಳ್ಳಣಾ, ಮಾರಣಾ? ನೀವು ಹೇಳ್ದಂಗೆ ಸಾ.”

ಬೈದಿದ್ದರೆ ತಲೆ ತಗ್ಗಿಸಿ ಕೂತಿರುತ್ತಿದ್ದೆ. ಇದಕ್ಕೆ ಏನು ಮಾಡಲಿ?