ಪಾಸ್ಟರ್ ಕೂರುವ ಗಿಡ್ಡ ಸ್ಟೂಲು

ನಮ್ಮ ಸೋದರಮಾವ ಬಡಗಿ. ಮಾತು ಕಡಿಮೆ. ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ಸಿಲ್ ತುಂಡು. ಸ್ನಾನ ಮಾಡುವಾಗಲೂ ಅದನ್ನು ತೆಗೆಯುವುದಿಲ್ಲ ಎಂದು ಅತ್ತೆ ರೇಗಿಸುತ್ತಿರುತ್ತಾಳೆ.

ಅತ್ತೆಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ, ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಚರ್ಚಿನ ಮುಂಬಾಗಿಲಿಗೆ ಮೆಟ್ಟಿಲುಗಳಿವೆ. ಅವಳನ್ನು ಹೊತ್ತುಕೊಂಡು ಹೋಗೋಣವೆಂದರೆ "ನಾನೇನು ಅಕ್ಕಿ ಮೂಟೆನಾ?" ಅನ್ನುತ್ತಾಳೆ. ಅದಕ್ಕೇ ಮಾವ ಪಕ್ಕದ ಬಾಗಿಲ ಜಗಲಿಗೆ ಹಲಗೆಯ ಇಳಿಜಾರು ಮಾಡಿಟ್ಟಿದ್ದ. ಅದರ ಮೇಲೆ ಒಳಗೆ ಬಂದು, ಮುಂದಿನ ಮೂಲೆಯಲ್ಲಿ ಕೂತು, ಎಲ್ಲರಿಗಿಂತ ಗಟ್ಟಿಯಾಗಿ ಹಾಡುವುದೇ ಅವಳ ಭಾನುವಾರ. ವಾರವಿಡೀ ಆ ಮೂಲೆಗಾಗಿ ಕಾಯುತ್ತಿದ್ದಳು.

ಪಾಸ್ಟರ್ ಮಾವನ ಬಾಲ್ಯದ ಗೆಳೆಯ. ಒಂದು ದಿನ ವರ್ಕ್‌ಶಾಪಿಗೆ ಬಂದವರು ಮರದ ಹೊಟ್ಟಿನ ಮೇಲೇ ಕೂತುಬಿಟ್ಟರು.

"ಚರ್ಚಲ್ಲಿರೋ ಆ ದೊಡ್ಡ ಕುರ್ಚಿ ನಂಗೆ ಬೇಡ ಕಣೋ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದರು ಅಂತ ನಾನು ಸಿಂಹಾಸನದ ಮೇಲೆ ಕೂತ್ಕೊಂಡು ಹೇಳೋದಾ? ಒಂದು ಗಿಡ್ಡ ಸ್ಟೂಲ್ ಮಾಡ್ಕೊಡು."

ಮಾವನ ಕಣ್ಣು ತುಂಬಿ ಬಂತು. ತನ್ನ ಮಂಚಕ್ಕೆಂದು ಎತ್ತಿಟ್ಟಿದ್ದ ಒಳ್ಳೆಯ ಮರವನ್ನೇ ತೆಗೆದು, ಒಂದು ಮೊಳೆಯೂ ಇಲ್ಲದೆ ಕೂಡಿಸಿ, ಮಗುವಿನ ಕೆನ್ನೆಯ ಹಾಗೆ ನಯ ಮಾಡಿ ಕೊಟ್ಟ. ಪಾಸ್ಟರ್ ಅದರ ಮೇಲೆ ಕೂತದ್ದನ್ನು ನೋಡಿ ಎಷ್ಟೋ ಜನ ಮೂಗೊರೆಸಿಕೊಂಡರು.

ಆಮೇಲೆ ಹಿಂದಿನ ಬೆಂಚಿನವರು ಪಾಸ್ಟರ್ ಕಾಣುವುದೇ ಇಲ್ಲ ಎಂದು ತಕರಾರು ತೆಗೆದರು. ಪಾಸ್ಟರ್ ಎದ್ದು ನಿಂತು ಮಾತಾಡಿದ್ದರೆ ಸಾಕಿತ್ತು. ಆದರೆ ನಿಂತುಬಿಟ್ಟರೆ ಗಿಡ್ಡ ಸ್ಟೂಲಿನ ಮೇಲೆ ಕೂತದ್ದು ಯಾರಿಗೆ ಕಾಣಬೇಕು? ಸ್ಟೂಲಿಗೊಂದು ವೇದಿಕೆ ಬೇಕಾಯಿತು. ಅದನ್ನೂ ಮಾವನೇ ಮಾಡಬೇಕು!

"ಅವಳ ಮೂಲೆಗೇನೂ ಆಗಲ್ಲ ತಾನೆ?" ಎಂದು ಮಾವ ಕೇಳಿದ.

"ಅತ್ತಿಗೆ ಜಾಗಕ್ಕೆ ಕೈ ಹಾಕ್ತೀನೇನೋ? ಚಿಕ್ಕದು, ನನ್ನ ಬೆನ್ನ ಹಿಂದಿನ ಗೋಡೆಗೆ ಒತ್ತಿಸಿ ಹಾಕೋದು. ನೀನು ತುಂಡು ತುಂಡಾಗಿ ಮಾಡಿ ಕಳಿಸು, ಜೋಡಿಸೋಕೆ ಇಲ್ಲಿ ಜನ ಇದ್ದಾರೆ."

ಚಿಕ್ಕದೆಂದವರು ಇನ್ನಷ್ಟು, ಮತ್ತಷ್ಟು ಹಲಗೆ ತರಿಸಿಕೊಂಡರು. ಗೆಳೆಯನ ಮಾತಲ್ಲವೇ, ಮಾವ ಮರುಮಾತಾಡದೆ ಕಳಿಸಿದ.

ವೇದಿಕೆ ಜೋಡಿಸಿ ಮುಗಿದ ಮೇಲಿನ ಭಾನುವಾರ ಮಾವ ಗಾಲಿಕುರ್ಚಿಯನ್ನು ಇಳಿಜಾರಿನ ಮೇಲೆ ತಳ್ಳಿದರೆ ಪಕ್ಕದ ಬಾಗಿಲು ತೆರೆಯಲಿಲ್ಲ. ನಾನು ಮುಂಬಾಗಿಲಿಂದ ಓಡಿಹೋಗಿ ನೋಡಿದೆ. ವೇದಿಕೆ ಬಾಗಿಲಿಗೆ ಅಡ್ಡವಾಗಿ ಈ ಗೋಡೆಯಿಂದ ಆ ಗೋಡೆಯವರೆಗೆ ಚಾಚಿಕೊಂಡಿತ್ತು. ಅತ್ತೆಯ ಮೂಲೆ ಅದರ ಅಡಿಗೆ ಹೋಗಿತ್ತು. ಮೇಲೆ ನಡುಮಧ್ಯೆ ಸ್ಟೂಲು, ಅದಕ್ಕೆಂದೇ ಒಂದು ದೀಪ.

ನನ್ನ ಹಿಂದೆಯೇ ಪಾಸ್ಟರ್ ಹೊರಗೆ ಬಂದರು. ಮಾವನ ಮುಖ ನೋಡಲಿಲ್ಲ.

"ಅತ್ತಿಗೆ, ಜಗಲಿಲಿ ಸ್ಪೀಕರ್ ಹಾಕ್ಸಿದೀನಿ, ಎಲ್ಲಾ ಕೇಳ್ಸುತ್ತೆ. ಸ್ವಲ್ಪ ತಗ್ಗಿ ನಡೆಯೋದನ್ನ ನಾವೆಲ್ಲ ಕಲೀಬೇಕಲ್ವಾ?"

"ಹಿಂದಿನ ಗೋಡೆಗೆ ಅಂದಿದ್ದೆ ನೀನು," ಎಂದ ಮಾವ.

"ಕಮಿಟಿಯವರ ಒತ್ತಾಯ ಕಣೋ. ನನ್ನ ಕೈಲೇನಿದೆ?"

ಹೇಳಿ ಒಳಗೆ ಹೋದರು. ಮಾವ ತನ್ನ ಅಂಗೈಗಳನ್ನೇ ನೋಡುತ್ತಾ ನಿಂತ.

"ನನ್ನ ಕೈಯಿಂದ್ಲೇ ಇವಳ ಬಾಗಿಲು ಮುಚ್ಚಿಸಿಬಿಟ್ಟ. ನಾನು ಅಷ್ಟು ನಂಬಿದ್ದೆ ಅವನನ್ನ," ಎಂದ. ಒಳಗೆ ಹೋಗಲಿಲ್ಲ. ಅತ್ತೆಯ ಪಕ್ಕ ಜಗಲಿಯ ನೆಲದ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ಸ್ಪೀಕರ್ ಗೊರಗುಟ್ಟಿ ಪಾಸ್ಟರ್ ದನಿ ಬಂತು. ದೀನತೆಯ ಬಗ್ಗೆ, ತಗ್ಗಿ ನಡೆಯುವುದರ ಬಗ್ಗೆ ಉಪದೇಶ.

"ದೂರ ಯಾಕೆ ಹೋಗ್ಬೇಕು? ನಮ್ಮ ಬಡಗಿಯಣ್ಣನನ್ನೇ ನೋಡಿ. ಇಷ್ಟೆಲ್ಲ ಕಟ್ಟಿಕೊಟ್ಟು ಗಂಡ ಹೆಂಡತಿ ತಾವಾಗಿಯೇ ಹೊರಗೆ ಜಗಲಿಲಿ ಕೂತಿದ್ದಾರೆ. ದೀನತೆ ಅಂದ್ರೆ ಇದು!"

ಒಳಗೆ ಎಲ್ಲರೂ ಆಮೆನ್ ಅಂದರು.

"ತಾವಾಗಿ ಅಲ್ಲ! ಬಾಗಿಲು ಮುಚ್ಚಿದೀರಿ!" ಎಂದು ಅತ್ತೆ ಕೂಗಿದಳು. ಹಾಡುವಾಗಿನ ಅದೇ ಗಟ್ಟಿ ದನಿ. ಆದರೆ ಮೈಕು ಇದ್ದದ್ದು ಒಳಗೆ. ಯಾರೂ ಎದ್ದು ಬರಲಿಲ್ಲ.

ಹಾಡು ಶುರುವಾಯಿತು. ಅವಳಿಗೆ ಬಹಳ ಇಷ್ಟವಾದದ್ದು. ಅತ್ತೆ ಬಾಯಿ ತೆರೆಯಲಿಲ್ಲ. ಅರ್ಧ ಹಾಡಿನವರೆಗೆ ಸುಮ್ಮನೆ ಕೇಳಿ, "ಮನೆಗೆ ತಳ್ರೀ," ಎಂದಳು.