ಟವೆಲ್ಲಿನ ಕೆಳಗೆ ಗೊತ್ತಾಗುತ್ತಿದ್ದ ಸಂಬಳ

ಮೊನ್ನೆ ನಮ್ಮ ಸರ್ವಿಸ್ ಸೆಂಟರಿನಲ್ಲಿ ಯಾರೋ ಹಳೆಯ ವಾರ್ನಿಶ್ ಡಬ್ಬಿಯ ಮುಚ್ಚಳ ಮೀಟಿ ತೆಗೆದರು. ಆ ಘಾಟು ಮೂಗಿಗೆ ಬಡಿದಿದ್ದೇ ತಡ, ಕೈಯಲ್ಲಿದ್ದ ಸ್ಪಾನರ್ ಹಾಗೇ ನಿಂತಿತು. ಇಲ್ಲಿ ವಾರ್ನಿಶ್ ಬಳಸುವುದು ಅಪರೂಪ. ಮೋಟರ್ ಸುಟ್ಟು ಬಂದರೆ ಒಳಗಿನ ಭಾಗವನ್ನೇ ಬದಲಾಯಿಸಿ ಕಳಿಸುತ್ತೇವೆ. ತಂತಿ ಸುತ್ತಿ, ವಾರ್ನಿಶ್ ಹೊಯ್ದು, ಒಳಗೆ ಬಲ್ಬ್ ಉರಿಸಿ ಒಣಗಿಸುವ ಕೆಲಸವನ್ನು ನಾನು ಮಾಡುತ್ತಿದ್ದದ್ದು ಹಿರಿಯೂರಿನಲ್ಲಿ, ಯಜಮಾನರ ಅಂಗಡಿಯಲ್ಲಿ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕೆಲವು ವರ್ಷ ಶೇಂಗಾ ಮೂಟೆ ಹೊತ್ತು, ಹತ್ತೊಂಬತ್ತಕ್ಕೆ ಆ ವೈಂಡಿಂಗ್ ಅಂಗಡಿ ಸೇರಿದೆ. ಹದಿಮೂರು ವರ್ಷ ಅಲ್ಲೇ ಇದ್ದೆ. ಓದಿದವರು ಪುಸ್ತಕ ನೋಡಿ ಹೇಳುವ ಸುತ್ತಿನ ಲೆಕ್ಕವನ್ನು ನಾನು ಸುಟ್ಟ ತಂತಿ ಬಿಚ್ಚುತ್ತಲೇ ಹೇಳುತ್ತಿದ್ದೆ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಇಲ್ಲ, ಸ್ವಲ್ಪ ಜಂಬವೂ ಇದೆ.

ಯಜಮಾನರು ಹರಿಯಬ್ಬೆ ಕಡೆಯ ಕುರಿಗಾರರ ಮನೆಯವರು. ಅಂಗಡಿ ಇಡುವ ಮೊದಲು ಸಂತೆಗಳಲ್ಲಿ ಕುರಿ ವ್ಯಾಪಾರ ಮಾಡಿದವರು. ಆ ಸಂತೆಯ ಒಂದು ಪದ್ಧತಿಯನ್ನು ಅಂಗಡಿಗೂ ತಂದಿದ್ದರು. ಪ್ರತಿ ಯುಗಾದಿ ಕಳೆದ ಮೇಲೆ ಕೆಲಸಕ್ಕಿದ್ದ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ಬೆಂಚಿನ ಮೇಲೆ ಕೂರಿಸಿಕೊಂಡು, ಹೆಗಲ ಮೇಲಿನ ಟವೆಲ್ಲನ್ನು ಇಬ್ಬರ ಕೈಗಳ ಮೇಲೆ ಹಾಕುತ್ತಿದ್ದರು. ಕೆಳಗೆ ಬೆರಳು ಹಿಡಿದು ಸಂಬಳದ ಮಾತುಕತೆ. ಒಂದು ಬೆರಳು ಹಿಡಿದರೆ ಸಾವಿರ, ಇಡೀ ಕೈ ಹಿಡಿದರೆ ಐದು. ಅವರು ಹಿಡಿದದ್ದು ಸಾಲದಾದರೆ ನಾವು ಅವರ ಬೆರಳು ಹಿಡಿಯಬೇಕು. ಬಾಯಿ ಮಾತ್ರ ಮಳೆಯದೋ ಕರೆಂಟಿನದೋ ಸುದ್ದಿ ಮಾತಾಡುತ್ತಿರಬೇಕು. ಇಬ್ಬರಿಗೂ ಒಪ್ಪಿಗೆಯಾದರೆ ಒಟ್ಟಿಗೆ ಕೈ ತೆಗೆಯುವುದು. ಒಬ್ಬನೇ ಎಳೆದುಕೊಂಡರೆ ವ್ಯಾಪಾರ ಮುರಿಯಿತೆಂದೇ ಅರ್ಥ, ಮತ್ತೆ ಅದೇ ಮಾತಿಗೆ ಕೂರುವಂತಿಲ್ಲ.

ಹೀಗಾಗಿ ಯಾರ ಸಂಬಳ ಎಷ್ಟೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಮ್ಮ ಪೈಕಿ ಹಿರಿಯನಿಗೆ ಮಷಿನ್ನಿಗೆ ಸಿಕ್ಕಿ ತೋರುಬೆರಳು ಅರ್ಧವೇ ಉಳಿದಿತ್ತು. ಅವನ ಸರದಿ ಬಂದಾಗಲೆಲ್ಲ ಯಜಮಾನರು, “ಹೆದ್ರಬ್ಯಾಡಲೇ, ಅರ್ಧ ಬೆರಳಿಗೂ ಪೂರ್ತಿ ಸಾವ್ರ ಹಿಡಿತೀನಿ” ಅನ್ನುತ್ತಿದ್ದರು. ಅವನೂ ಬಿಡುತ್ತಿರಲಿಲ್ಲ, ಅದೇ ಬೆರಳನ್ನೇ ಮುಂದೆ ಮಾಡುತ್ತಿದ್ದ.

ನಾನು ಸೇರಿದ ಹದಿಮೂರನೆಯ ವರ್ಷ, ಕಾರ್ತಿಕದಲ್ಲಿ ದುರ್ಗದ ಈ ಸರ್ವಿಸ್ ಸೆಂಟರಿನವರು ನನ್ನನ್ನು ಕರೆದರು. ಹದಿನೆಂಟು ಸಾವಿರ, ಜೊತೆಗೆ ಪಿ.ಎಫ್. ನನಗೆ ಬರುತ್ತಿದ್ದದ್ದು ಹನ್ನೆರಡು. ಹೋಗುವ ಮನಸ್ಸು ನಿಜವಾಗಿ ಇರಲಿಲ್ಲ. ದುರ್ಗದಲ್ಲಿ ಮನೆ ಬಾಡಿಗೆ ಕಟ್ಟಬೇಕು, ಹಿರಿಯೂರಿನಲ್ಲಿ ಸ್ವಂತ ಸೂರಿತ್ತು. ಯಜಮಾನರು ಹದಿನಾರು ಅಂದಿದ್ದರೂ ಉಳಿಯುತ್ತಿದ್ದೆ. ಆದರೆ ನನಗೆ ದುಡ್ಡಿಗಿಂತ ಇನ್ನೊಂದು ಬೇಕಾಗಿತ್ತು. ಅಂಗಡಿಯ ಕೆಲಸ ನಡೆಯುತ್ತಿರುವುದು ನನ್ನಿಂದ ಎಂಬುದನ್ನು ಅವರು ಒಮ್ಮೆ ಒಪ್ಪಬೇಕಾಗಿತ್ತು, ಅದೂ ನಾಲ್ಕು ಜನ ಕೇಳುವಂತೆ.

ಅದಕ್ಕೇ ಒಂದು ದಿನ ಬೆಳಿಗ್ಗೆ ಅಂಗಡಿಗೆ ಬಂದವನೇ, ಉಳಿದಿಬ್ಬರ ಎದುರಿಗೇ, ದುರ್ಗದವರು ಇಷ್ಟು ಕೊಡುತ್ತಾರಂತೆ ಎಂದು ಅಂಕಿ ಸಮೇತ ಹೇಳಿಬಿಟ್ಟೆ. ಆ ಅಂಗಡಿಯಲ್ಲಿ ಸಂಬಳದ ಅಂಕಿ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಯಜಮಾನರು ಮಧ್ಯಾಹ್ನ ಬುತ್ತಿ ಉಂಡು ಕೈ ತೊಳೆದ ಮೇಲೆ ಬೆಂಚಿನ ಮೇಲೆ ಕುಳಿತು ಪಕ್ಕದ ಜಾಗ ತಟ್ಟಿದರು. ಯುಗಾದಿಯಲ್ಲದ ದಿನ ಅವರು ಟವೆಲ್ ಹಾಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಇಡೀ ಕೈಯನ್ನು ಎರಡು ಸಲ ಹಿಡಿದರು. ಆಮೇಲೆ ಮೂರು ಬೆರಳು. ಹದಿಮೂರು. ಬಾಯಲ್ಲಿ, ಧರ್ಮಪುರದ ಕಡೆ ಮಳೆಯಾಯಿತಂತೆ ಎಂದು ಸುದ್ದಿ ತೆಗೆದರು. ನಾನು ಅವರ ಬೆರಳು ಹಿಡಿಯಲಿಲ್ಲ. ಸ್ವಲ್ಪ ತಡೆದು ಇನ್ನೊಂದು ಬೆರಳು ಹಿಡಿದರು. ಹದಿನಾಲ್ಕು. ಸಂತೆಯವರು ಏರುವುದೇ ಹಾಗೆ, ಒಂದೊಂದೇ ಮೆಟ್ಟಿಲು. ಅದು ನನಗೂ ಗೊತ್ತಿತ್ತು. ಆದರೆ ಎದುರಿಗೆ ಅವರಿಬ್ಬರೂ ತಂತಿ ಸುತ್ತುವ ನೆಪದಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದರು. ಇಷ್ಟು ವರ್ಷ ದುಡಿದವನಿಗೂ ಬಟ್ಟೆಯ ಮರೆಯಲ್ಲೇ ಬೆಲೆಯೇ ಅನ್ನಿಸಿತು. ಕೈ ಎಳೆದುಕೊಂಡೆ.

“ನಾನೇನು ಕುರಿ ಅಲ್ಲ ಯಜಮಾನ್ರೇ. ಎಷ್ಟು ಕೊಡ್ತೀರಿ ಅಂತ ಬಾಯ್ಬಿಟ್ಟು ಹೇಳ್ರಿ. ಇವ್ರೂ ಕೇಳ್ಲಿ.”

ಯಜಮಾನರು ಬರಿದಾದ ತಮ್ಮ ಅಂಗೈಯನ್ನು ನೋಡಿಕೊಂಡರು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

“ಬಾಯಾಗೆ ಹೇಳಿದ್ರೆ ಅದು ನಿನ್ನ ರೇಟಾಗಿ ಉಳಿಯಲ್ಲ ಕಣಲೇ. ಮೂರು ಜನದ್ದೂ ಆಗ್ತೈತೆ. ಅಷ್ಟು ಶಕ್ತಿ ಈ ಅಂಗಡಿಗೆಲ್ಲೈತೆ?”

ಅಷ್ಟೇ. ಸಿಟ್ಟು ಮಾಡಲಿಲ್ಲ, ಇರು ಎಂದೂ ಅನ್ನಲಿಲ್ಲ. ಅವರ ಲೆಕ್ಕದಲ್ಲಿ ವ್ಯಾಪಾರ ಮುರಿದಾಗಿತ್ತು. ಆ ತಿಂಗಳು ಮುಗಿಸಿ ನಾನು ದುರ್ಗಕ್ಕೆ ಬಂದೆ. ಹದಿನೆಂಟರಲ್ಲಿ ಬಾಡಿಗೆ, ಅದೂ ಇದೂ ಕಳೆದು ಉಳಿದದ್ದು ಹಿರಿಯೂರಿನಲ್ಲಿ ಉಳಿಯುತ್ತಿದ್ದಷ್ಟೇ… ಅದನ್ನು ಮನೆಯವಳಿಗೂ ಬಹಳ ದಿನ ಹೇಳಲಿಲ್ಲ.

ಮೂರು ವರ್ಷದ ಮೇಲೆ ಒಂದು ದಿನ ಯಜಮಾನರು ಇಲ್ಲಿಗೆ ಬಂದಿದ್ದರು. ಯಾವುದೋ ಬಿಡಿಭಾಗ ಬೇಕಾಗಿತ್ತು. ಬಂದವರೆಲ್ಲ ಟೋಕನ್ ತೆಗೆದುಕೊಂಡು ಕುರ್ಚಿಯಲ್ಲಿ ಕಾಯಬೇಕು, ಅದು ಇಲ್ಲಿಯ ನಿಯಮ. ನಾನು ಕೌಂಟರಿನಲ್ಲಿದ್ದೆ. ತಲೆಯೆತ್ತದೆ ನಲವತ್ತೊಂದು ಎಂದು ಕೂಗಿದೆ. ಎದ್ದು ಬಂದವರು ಅವರು. ಸೊರಗಿದ್ದರು. ಅವರೇ, “ಊಟ ಆತೇನಪ್ಪ?” ಎಂದು ಕೇಳಿದರು. ಆಯಿತೆಂದೆ. ಭಾಗ ತಂದು ಕೊಟ್ಟೆ. ಅದನ್ನು ಚೀಲಕ್ಕೆ ಹಾಕಿಕೊಂಡು ಎರಡು ಹೆಜ್ಜೆ ಹೋದವರು ತಿರುಗಿ ಬಂದು ಕೌಂಟರಿನ ಮೇಲೆ ಬಾಗಿದರು.

“ಅವತ್ತು ಇನ್ನೂ ಬೆರಳಿದ್ವು ಕಣಪ್ಪ.”

ಎಷ್ಟು ಎಂದು ಕೇಳಬಹುದಿತ್ತು. ಹಿಂದಿನವನು ಟೋಕನ್ ಹಿಡಿದು ಮುಂದೆ ಬಂದ. ನಾನು ನಲವತ್ತೆರಡು ಎಂದೆ.

ಮರುವರ್ಷ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ತಿಥಿಯೂ ಮುಗಿದ ಮೇಲೆ. ಹೋಗಿ ನೋಡಿದರೆ ಅಂಗಡಿ ಇದ್ದ ಜಾಗದಲ್ಲಿ ಬೇರೆ ಯಾರೋ ಮೊಬೈಲ್ ಮಾರುತ್ತಿದ್ದರು. ಒಳಗೆ ಹೋಗದೆ ಬಸ್ಸು ಹತ್ತಿದೆ. ಅವರು ನನ್ನನ್ನು ಅಗ್ಗಕ್ಕೆ ಹಿಡಿಯಲು ನೋಡಿದರೆಂದು ಮೂರು ವರ್ಷ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಆ ಮಾತನ್ನು ಈಗ ಯಾರ ಹತ್ತಿರ ವಾಪಸು ತೆಗೆದುಕೊಳ್ಳುವುದು…

ಹೋದ ವಾರ ದಾವಣಗೆರೆಯ ಒಂದು ಕಂಪನಿಯಿಂದ ಫೋನ್ ಬಂತು. ಅನುಭವ ಕೇಳಿದರು, ಎಷ್ಟು ಸಂಬಳ ನಿರೀಕ್ಷಿಸುತ್ತೀರಿ ಎಂದರು. ಮೂವತ್ತೆರಡು ಎಂದೆ, ಇಪ್ಪತ್ತೆಂಟಕ್ಕಾದರೂ ಇಳಿಸುತ್ತಾರೆಂದುಕೊಂಡು. ಆ ಹುಡುಗಿ ಕ್ಷಣವೂ ತಡೆಯದೆ ಓಕೆ ಸಾರ್ ಎಂದಳು. ಕಡಿಮೆ ಕೇಳಿದೆನೆಂದು ಆಗಲೇ ಗೊತ್ತಾಯಿತು. ಆದರೂ ಖುಷಿಯಾಗಬೇಕಿತ್ತು. ಆಗಲಿಲ್ಲ, ಸುಸ್ತಾಯಿತು.

ಇಲ್ಲಿಯ ಮ್ಯಾನೇಜರಿಗೆ ತಿಳಿಸಿದೆ. ಒಳ್ಳೆಯ ಮನುಷ್ಯ, ಒಳ್ಳೆಯದಾಗಲಿ ಎಂದು ಒಂದು ಫಾರಂ ಕೊಟ್ಟರು. ಎಷ್ಟು ಕೊಡುತ್ತಾರಂತೆ ಎಂದು ಕೂಡ ಕೇಳಲಿಲ್ಲ. ಫಾರಂ ತುಂಬುತ್ತ ಬಂದೆ. ಕೆಲಸ ಬಿಡಲು ಕಾರಣ ಎಂಬ ಕಡೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಸಂಬಳ ಎಂದು ಬರೆದೆ. ಅಲ್ಲಿ ಇದ್ದದ್ದು ಅಷ್ಟೇ ಜಾಗ.